ಅಮ್ಮನ ಪದಕದ ರಾಜ

…ಅಯ್ಯೋ, ನಗ್ಬೇಡ ಅಕ್ಕ! ನಿಜ ಹೇಳ್ತಿದೀನಿ. ಬೆಳಿಗ್ಗೆ ಅಂಗಡಿಗೆ ಬಂದ ಡಾಕ್ಟರಮ್ಮ, ಹೊಸಾ ಸರ ತೋರಿಸಿದ್ರೆ ಮೂಗು ಮುರಿದ್ರು. "ಹಳೇ ನಾಣ್ಯದ್ದಿದ್ರೆ ತೋರಿಸಿ" ಅಂತೆ. ಎಲ್ರಿಗೂ ಹಳೇದೇ ಬೇಕು! ಯಾವನೋ ರಾಜ, ಸತ್ತು ಸಾವಿರ ವರ್ಷ ಆಯ್ತು, ಹೆಸರೂ ಗೊತ್ತಿಲ್ಲ… ಅವನನ್ನ ಎದೆ ಮೇಲೆ ಹಾಕ್ಕೊಂಡು ಮೆರೀತಾರೆ. ಸ್ವಂತ ಮಾವನ ಫೋಟೋ ಮಾತ್ರ ಅಟ್ಟದ ಮೇಲೆ!

ನಾನೇನ್ ಮಾಡ್ಲಿ? ರಾಜನ ಮುಖ ಒತ್ತಿದ ಹೊಸಾ ಬಿಲ್ಲೆಗೆ ಕಪ್ಪು ಹಚ್ಚಿ, ಒರೆಸಿ, ಮತ್ತೆ ಹಚ್ಚಿ… ಎರಡೇ ದಿನದಲ್ಲಿ ಮುದುಕನ್ನ ಮಾಡಿ ಕೊಡ್ತೀನಿ. "ಹಳೇ ಮಾದರಿ" ಅಂತ ಚೀಟೀಲಿ ಬರ್ದಿರ್ತೀನಮ್ಮ, ಮೋಸ ಇಲ್ಲ! ಅಕ್ಷರ ಸ್ವಲ್ಪ ಸಣ್ಣದು, ಅಷ್ಟೇ.

ಹಾಂ, ನಿನ್ನ ಪದಕ… ನಮ್ಮಮ್ಮನದು, ರಾಜನ ಹಳೇ ನಾಣ್ಯದ್ದು. ತಗೋ. ಕಿತ್ತುಹೋಗಿದ್ದ ಕೊಂಡಿ ಬೆಸೆದಿದೀನಿ. ಕೆಳಗಿನ ಕೆಂಪು ಕಲ್ಲು ಅಲ್ಲಾಡ್ತಿತ್ತು, ಬಿಗಿ ಮಾಡಿದೀನಿ. ನಾಳೆ ಮದುವೇಲಿ ನಿನ್ನ ಮಗಳ ಕುತ್ತಿಗೇಲಿ ನೋಡು… ಆಹಾ! ಇಡೀ ಅಂಗಡೀಲಿ ಅಸಲಿ ಅಂದ್ರೆ ಇದೊಂದೇ ಅಕ್ಕ.

ಯಾಕೆ ಅಂಗೈಲಿಟ್ಟು ತೂಗ್ತಿದೀಯ? ತೂಕಾನಾ? ಅದೇ ತೂಕ! ರಾಜಾನೂ ಅವನೇ. ನೋಡು, ಕಣ್ಣು, ಕಿವಿ… ಮೂಗು… ಏನು ಹಾಗೆ ನೋಡ್ತೀಯ? ಮೂಗು ಮೊದ್ಲಿಂದ್ಲೂ ಇತ್ತಲ್ಲ! ಕೊಳೆ ಹೋಗಿ ಈಗ ಎದ್ದು ಕಾಣ್ತಿದೆ, ಅಷ್ಟೇ.

ಅಯ್ಯೋ, ನೀನೂ ಅಮ್ಮನ ಹಾಗೇ ಹೆಬ್ಬೆರಳಲ್ಲಿ ಸವರ್ತೀಯಲ್ಲ! ಅಪ್ಪ ಬರೋದು ತಡ ಆದಾಗೆಲ್ಲ ಬಾಗಿಲಲ್ಲಿ ನಿಂತು ಹೀಗೇ… ಪಾಪ, ಸವರಿ ಸವರಿ ರಾಜನ ಮೂಗನ್ನೇ ಸವೆಸಿ… ಅಂದ್ರೆ… ಹಾಗಲ್ಲ…

ಸಾಕು, ಉಜ್ಬೇಡ. ಉಜ್ಬೇಡ ಅಂದ್ನಲ್ಲ ಅಕ್ಕ! ಅದಿನ್ನೂ ಸರಿಯಾಗಿ ಒಣಗಿ… ಬೆರಳು ತೋರಿಸ್ಬೇಡ ನಂಗೆ. ಕಪ್ಪಾಗಿದೆ. ಗೊತ್ತು.

ಬೈದ್ಬಿಡು, ಅತ್ಲಾಗೆ!

ಹುಡುಗಿಗೆ ಚೆನ್ನಾಗಿ ಕಾಣ್ಲಿ ಅಂತ ಅಮ್ಮನದನ್ನ ಮೆರುಗು ಹಾಕೋ ಚಕ್ರಕ್ಕೆ ಹಿಡಿದೆ. ಒಂದೇ ಒಂದು ಸಲ! ಊರಿಗೆಲ್ಲ ಹೊಸದನ್ನ ಹಳೇದು ಮಾಡಿ ಕೊಟ್ಟ ಕೈ ಇದು… ಮನೇಲಿದ್ದ ಒಂದೇ ಒಂದು ಹಳೇದನ್ನ…

ಅಸಲಿ ಮೇಜಿನ ಖಾನೇಲಿದೆ, ತೆಗಿ. ಫಳಫಳ ಹೊಳೀತಿದೆ. ರಾಜ ಇಲ್ಲ ಅದ್ರಲ್ಲಿ. ಅಮ್ಮನ ಬೆರಳು ಓಡಾಡಿದ ಜಾಗಾನೂ ಇಲ್ಲ, ಅಕ್ಕ.