ಎರಡನೇ ಸಲ ಕೇಳುವ ಮಾತು

ಹಿಂದೆ ಗೋಡೆಗೆ ಒರಗಿ ಕೂತಿರುವವರೆಲ್ಲ ಮೊದಲು ಎದ್ದು ಮುಂದೆ ಬನ್ನಿ. ಮುಂದಿನ ಎರಡು ಸಾಲು ಯಾರಿಗೆ ಬಿಟ್ಟಿದ್ದೀರಿ? ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವವರೂ ನೀವೇ, ಸಭೆಯಲ್ಲಿ ಕೊನೆಯ ಕುರ್ಚಿಗೆ ಓಡುವವರೂ ನೀವೇ. ಬೇಸರವಾದರೆ ಮೆಲ್ಲಗೆ ಜಾರಿಕೊಳ್ಳೋಣ ಅಂತ ತಾನೆ? ನನಗೆ ಎಪ್ಪತ್ತನಾಲ್ಕು. ಜಾರಿಕೊಳ್ಳುವವರ ಬೆನ್ನು ಬೇಕಾದಷ್ಟು ನೋಡಿದ್ದೇನೆ. ಬನ್ನಿ.

ಹಾಂ, ಈಗ ಕ್ರಮ. ಅಧ್ಯಕ್ಷತೆ ವಹಿಸಿರುವ ಕೋಕಿಲಾ ಅವರೇ, ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಮುಖ್ಯ ಅತಿಥಿ ಪ್ರಿಯಂವದಾ ಅವರೇ, ನಮ್ಮ ಕಗ್ಗದಾಸಪುರದ ಮಹಿಳಾ ಸಂಘದ ಹೆಣ್ಣುಮಕ್ಕಳೇ, ಅವರ ಜೊತೆ ಬಂದು ಫೋನ್ ನೋಡುತ್ತಿರುವ ಗಂಡಂದಿರೇ, ಸಭಿಕರೇ. ಮತ್ತು ಮೂರನೇ ಸಾಲಿನಲ್ಲಿ, ಕಂಬದ ಪಕ್ಕ, ನನ್ನ ಸೊಸೆ ಸುಕನ್ಯ ಕರೆತಂದು ಕೂರಿಸಿರುವ ಶರ್ಫುನ್ನೀಸಾ. ನಿನ್ನ ಹೆಸರನ್ನು ಬೇರೆಯಾಗಿಯೇ ಹೇಳುತ್ತಿದ್ದೇನೆ. ಈ ಆಂಜನಮ್ಮ ಇವತ್ತು ಶಾಲು ಹೊದ್ದುಕೊಳ್ಳಲು ಒಪ್ಪಿದ್ದೇ ನಿನ್ನನ್ನು ಒಂದು ಮಾತು ಕೇಳುವುದಕ್ಕೆ. ಎದ್ದು ಹೋಗಬೇಡ.

ಪ್ರಿಯಂವದಾ ಅವರು ಒಂದು ಗಂಟೆ ಮನುಷ್ಯರ ಮನಸ್ಸಿನ ಬಗ್ಗೆ ಮಾತಾಡಿದರು. ಚೆನ್ನಾಗಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಇಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ. ನನಗೆ ಮನಶ್ಶಾಸ್ತ್ರ ಕಲಿಸಿದ್ದು ಕಾಫಿ.

ಕಾಫಿ ಕೊಡಲೇ ಎಂದ ಕೂಡಲೇ ಹೂಂ ಅನ್ನುವವರು ನಮ್ಮಲ್ಲಿ ಉಂಟೇ? ಹಾಗೆ ಅಂದುಬಿಟ್ಟರೆ ನಾವು ಬಿಡುತ್ತೇವೆಯೇ? "ನೋಡಿದ್ರಾ, ಕಾಯ್ಕೊಂಡಿದ್ದೋಳ ಥರ ಹೂಂ ಅಂದ್ಬಿಟ್ಲು" ಎಂದು ಆರು ತಿಂಗಳು ಆಡಿಕೊಳ್ಳುತ್ತೇವೆ. ಮೊದಲ ಸಲ, "ಬೇಡಮ್ಮ, ಈಗ್ತಾನೇ ಕುಡ್ಕೊಂಡ್ಬಂದೆ." ಎರಡನೇ ಸಲ, "ಸುಮ್ನೆ ಯಾಕೆ ತೊಂದ್ರೆ." ಮೂರನೇ ಸಲ, "ಸರಿ, ಅರ್ಧ ಲೋಟ ಸಾಕು." ಆಮೇಲೆ ಪೂರ್ತಿ ಲೋಟ ಮುಗಿಸಿ, "ಪುಡಿ ಯಾವ ಅಂಗಡೀದು?" ಇದನ್ನು ನಾನು ಸುಳ್ಳು ಅನ್ನುವುದಿಲ್ಲ. ಕರೆಯುವವರ ಮನಸ್ಸು ಎಷ್ಟು ಆಳ ಎಂದು ಹಗ್ಗ ಇಳಿಬಿಟ್ಟು ನೋಡುವುದು. ನಮ್ಮಲ್ಲಿ ಮೊದಲ ಬೇಡ ಅನ್ನುವುದಕ್ಕೆ ಅರ್ಥ, ಇನ್ನೊಂದು ಸಲ ಕೇಳು ನೋಡೋಣ ಅಂತ.

ಇದೆಲ್ಲ ಗೊತ್ತಿದ್ದೂ ಎರಡನೇ ಸಲ ಕೇಳದ ಹೆಂಗಸು ಯಾರು? ನಾನು.

ಶರ್ಫುನ್ನೀಸಾ ನಮ್ಮ ಮನೆಯ ಎದುರು ಇಪ್ಪತ್ತಾರು ವರ್ಷ ಬಾಡಿಗೆಗಿದ್ದು ಬಟ್ಟೆ ಹೊಲಿದವಳು. ಇಲ್ಲಿರುವ ಅರ್ಧ ಜನರ ಬ್ಲೌಸಿನ ಅಳತೆ ಅವಳಿಗೆ ಬಾಯಿಪಾಠ. ಮೈ ಬೆಳೆದಾಗಲೂ, "ಬಟ್ಟೆ ಕುಗ್ಗಿದೆ ಅಕ್ಕ" ಎಂದು ನಮ್ಮ ಮಾನ ಉಳಿಸಿದವಳು. ನನ್ನ ಗಂಡ ತೀರಿಕೊಂಡಾಗ ಬಂದವರೆಲ್ಲ ಸಮಾಧಾನ ಹೇಳಿ ಹೇಳಿ ನನ್ನನ್ನು ಸುಸ್ತು ಮಾಡಿದರು. ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತಿದ್ದವಳು ಇವಳೊಬ್ಬಳೇ.

ಎರಡು ವರ್ಷದ ಹಿಂದೆ, ಇವಳಿದ್ದ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತೇವೆ ಎಂದರು. ಇವಳು ಬೇರೆ ಮನೆ ಹುಡುಕಿದಳು. ಹೆಸರು ಕೇಳಿದ ಮೇಲೆ, "ಅಯ್ಯೋ, ನೆನ್ನೆ ತಾನೇ ಕೊಟ್ಬಿಟ್ವಲ್ಲ" ಎಂದವರು ಎಷ್ಟು ಮಂದಿ! ಬಾಡಿಗೆಗಿದೆ ಎನ್ನುವ ಬೋರ್ಡು ಮಾತ್ರ ಗೇಟಿನಲ್ಲೇ ಇರುತ್ತಿತ್ತು. ಆಗ ನಮ್ಮ ಕೆಳಗಿನ ಕೋಣೆ ಖಾಲಿ. ಒಂದು ಬೆಳಿಗ್ಗೆ ಇವಳು ಹಾಲಿಗೆ ಹೊರಟಿದ್ದಾಗ ಬಾಗಿಲಲ್ಲಿ ನಿಂತು ಕೇಳಿದೆ, "ನಮ್ ಕೆಳಗಡೆ ರೂಮಿದೆ, ಬರ್ತೀಯೇನೆ?"

"ಬೇಡಕ್ಕ, ನಿಮಗ್ಯಾಕೆ ತೊಂದ್ರೆ."

"ಸರಿ ಬಿಡು, ನಿನ್ನಿಷ್ಟ."

ಅಷ್ಟೇ. ಹದಿನೈದು ದಿನದಲ್ಲಿ ಹೊಲಿಗೆ ಮೆಷಿನ್ನು ಆಟೋ ಹತ್ತಿ ಶಿವಾಜಿನಗರಕ್ಕೆ ಹೋಯಿತು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಇವಳ ಮಂಡಿ ಸರಿಯಿಲ್ಲ. ಯಾರು ಕೇಳಿದರೂ ನಾನು, "ನಾನ್ ಕರೆದೆ, ಅವಳೇ ಬೇಡ ಅಂದ್ಲು" ಎಂದೆ. ಕೇಳದವರಿಗೂ ನಿಲ್ಲಿಸಿ ಹೇಳಿದೆ. ತಪ್ಪಿಲ್ಲದವರು ಹೀಗೆ ಎರಡು ವರ್ಷ ಒಂದೇ ಮಾತು ಹೇಳುತ್ತಾ ತಿರುಗುತ್ತಾರೆಯೇ, ಪ್ರಿಯಂವದಾ ಅವರೇ?

ಈ ಸಲ ಯುಗಾದಿ ಕಳೆದ ಮೇಲೆ ನನ್ನ ಮಗ ಶ್ರೀನಿವಾಸ್ ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟ. ಕೈಯಲ್ಲಿ ಕಾರಿನ ಕೀ, ಒಂದು ಕಾಲು ಆಗಲೇ ಚಪ್ಪಲಿಯಲ್ಲಿ. "ಅಮ್ಮಾ, ನೀನೂ ಬರ್ತೀಯಾ?" ಎಂದ. "ಬೇಡ ಕಣಪ್ಪ, ನೀವ್ ಹೋಗ್ಬನ್ನಿ" ಎಂದೆ. "ಸರಿ" ಎಂದವನು ಹೋಗಿಯೇಬಿಟ್ಟ! ನಾನು ಹಿಂದಿನ ದಿನವೇ ರೇಷ್ಮೆ ಸೀರೆ ತೆಗೆದಿಟ್ಟಿದ್ದೆ. ಅದನ್ನು ಉಟ್ಟುಕೊಂಡು ಟೀವಿ ಮುಂದೆ ಕೂತೆ. ನಗಿ, ನಗಿ, ನಗಲೆಂದೇ ಹೇಳಿದ್ದು. ನನಗೆ ಮಾತ್ರ ಅವತ್ತು ನಗು ಬರಲಿಲ್ಲ. ಬರಲಿ ಎಂದು ಕರೆಯುವವನು ಚಪ್ಪಲಿ ಮೆಟ್ಟಿಕೊಂಡು ಕರೆಯುತ್ತಾನೆಯೇ? ಹಾಗಾದರೆ ಶರ್ಫುನ್ನೀಸಾಳನ್ನು ನಾನು ಕರೆದದ್ದು ಹೇಗೆ? ಬಾಗಿಲು ಅರ್ಧ ಮುಚ್ಚಿಕೊಂಡು. ಒಂದು ಕೈ ಚಿಲಕದ ಮೇಲಿಟ್ಟು. ಒಳಗೆ ಬಾ ಎಂದು ಕೂಡ ಅನ್ನದೆ.

ಮೈದುನ ಮುನಿನಾರಾಯಣಪ್ಪ ಏನನ್ನುತ್ತಾನೋ, ಮೇಲಿನ ಬಾಡಿಗೆಯವರು ಬಿಟ್ಟು ಹೋಗುತ್ತಾರೋ, ಹಬ್ಬಕ್ಕೆ ಬಂದ ನೆಂಟರು ಮೂಗು ಮುರಿಯುತ್ತಾರೋ ಎಂದು ಹೆದರಿದ್ದೆ. ಇವಳು ಬೇಡ ಎಂದಾಗ ನನ್ನ ಎದೆ ಹಗುರವಾಯಿತು. ಇಷ್ಟು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು, ಇರಲಿ. ಲೋಕ ನೋಡಲಿ ಎಂದಿದ್ದರೆ ಒಂದೇ ಸಲ ಕೇಳುತ್ತೇವೆ. ಬೇಕು ಎಂದಿದ್ದರೆ ತಾನೇ ಎರಡನೇ ಸಲ ಬಾಯಿ ತೆರೆಯುವುದು?

ಮೈದುನ ಅಲ್ಲೇ ಕೂತಿದ್ದಾನೆ. ಅವನಿಗೆ ನಿನ್ನೆಯೇ ಹೇಳಿದ್ದೇನೆ, "ಮನೆ ನನ್ದು ಕಣಪ್ಪ, ನೆಂಟ್ರು ಮೂಗು ಮುರಿದ್ರೆ ಅವರ ಮೂಗು."

ಶರ್ಫುನ್ನೀಸಾ, ಕೆಳಗಿನ ಕೋಣೆಯವರು ಈ ತಿಂಗಳ ಕೊನೆಗೆ ಬಿಡುತ್ತಿದ್ದಾರೆ. ಕಿಟಕಿ ಪೂರ್ವಕ್ಕಿದೆ, ಮೆಷಿನ್ನಿಗೆ ಬೆಳಕು ಬೀಳುತ್ತದೆ. ಒಂದು ಮೆಟ್ಟಿಲೂ ಇಲ್ಲ. ಬಾ. ಗುಟ್ಟಾಗಿ ಕೇಳಬಹುದಿತ್ತು. ಆದರೆ ನೀನು ಬೇಡ ಅಂದೆ ಎಂದು ಊರಿಗೆಲ್ಲ ಸಾರಿದವಳು ನಾನು. ಅದಕ್ಕೇ ಊರ ಮುಂದೆ ಎರಡನೇ ಸಲ ಕೇಳುತ್ತಿದ್ದೇನೆ.

ತಡಿ, ಇಲ್ಲಿ ಉತ್ತರ ಕೊಡಬೇಡ. ಇಷ್ಟು ಜನ ಚಪ್ಪಾಳೆಗೆ ಕೈ ಎತ್ತಿಕೊಂಡು ಕೂತಿರುವಾಗ ಇಲ್ಲ ಅನ್ನಲು ಯಾರಿಂದಾಗುತ್ತದೆ? ಅದೂ ಒಂದು ಬಲವಂತ. ಕೈ ಇಳಿಸಿ ಎಲ್ಲರೂ! ನೀನು ಹೋಗಿ ಮಗಳು ಗುಲ್ಷನ್ ಹತ್ತಿರ ಮಾತಾಡು. ನನ್ನ ಮೇಲಿನ ಸಿಟ್ಟನ್ನೂ ಅಳೆದು ನೋಡು. ಉತ್ತರ ಹೇಳಲು ನೀನು ಇಳಿದು ಬರುವುದು ಬೇಡ. ಆ ಮೂರು ಮಹಡಿ ನಾನೇ ಹತ್ತುತ್ತೇನೆ. ಬೇಡ ಎನ್ನುವುದಾದರೆ ನನ್ನನ್ನು ಕೂರಿಸಿ, ಬೈದು, ಆಮೇಲೆ ಬೇಡ ಎನ್ನು.

ಶಾಲು ಹೊದಿಸಿದ ಸಂಘಕ್ಕೆ, ಗಡಿಯಾರ ನೋಡಿಕೊಂಡೂ ಸುಮ್ಮನಿದ್ದ ಅಧ್ಯಕ್ಷರಿಗೆ, ಕೊನೆಗೂ ಮುಂದೆ ಬಂದು ಕೂತ ನಿಮಗೆ ನನ್ನ ಉಪಕಾರ ಸ್ಮರಣೆ. ಎಲ್ಲರಿಗೂ ನಮಸ್ಕಾರ. ಶರ್ಫುನ್ನೀಸಾ, ಮುಂದಿನ ತಿಂಗಳು ಹುಟ್ಟುವ ಮೊದಲು ನನಗೆ ಉತ್ತರ ಬೇಕು.