ಎಡಗಡೆ ಮುಂದಿನ ಚಕ್ರ

ಹಲೋ, ಹೇಳು ಮನು... ಹಲೋ? ಯಾರು ಮಾತಾಡ್ತಿರೋದು? ಇದು ಮನು ನಂಬರಲ್ವಾ?... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಗ್ರೈಂಡರ್ ಓಡ್ತಿದೆ. ತಡೀರಿ, ಹೊರಗೆ ಬರ್ತೀನಿ...

ಹಾಂ, ಈಗ ಕೇಳ್ತಿದೆ. ಹೌದು, ಗೋಣಿಕೊಪ್ಪಲು ಗ್ಯಾರೇಜು, ಶಿವಪ್ರಕಾಶೇ... ಓ, ಪವಿತ್ರಕ್ಕನಾ! ಬೆಳ್ಳಿಯಪ್ಪನೋರ ಕರಿಕೆ ತೋಟದಲ್ಲಿ ಲೆಕ್ಕ ಬರೆಯೋ ರೈಟರು, ಅಲ್ವಾ? ಗೊತ್ತು, ಗೊತ್ತು, ಮನು ಹೇಳ್ತಿರ್ತಾನೆ. ಅವನೆಲ್ಲಿ?...

ಬಿದ್ನಾ? ಎಲ್ಲಿಂದ?... ಮೆಣಸು ಬಳ್ಳಿ ಹಬ್ಬಿರೋ ಸಿಲ್ವರ್ ಮರದಿಂದಾನಾ? ಡ್ರೈವರ್ ಆದೋನಿಗೆ ಮೆಣಸು ಕುಯ್ಯೋ ಏಣಿ ಹತ್ತೋ ಕೆಲ್ಸ ಯಾಕಕ್ಕ?... ಆಳು ಬರ್ಲಿಲ್ಲ ಅಂತ ತಾನೇ ಹತ್ತಿದ್ನಾ. ಅಯ್ಯೋ ದೇವ್ರೇ. ಮಾತಾಡ್ತಾನಾ?... ಸೊಂಟ ಮುಟ್ಟೋಕೇ ಬಿಡ್ತಿಲ್ವಾ. ಹ್ಞೂಂ... ನೀರು ಗೀರು ಏನೂ ಕೊಡ್ಬೇಡಿ ಅವನಿಗೆ, ಆಸ್ಪತ್ರೆ ಮುಟ್ಟೋವರೆಗೆ.

ತೋಟದ ಪಿಕಪ್ ಯಾರು ಓಡಿಸ್ತಿರೋದು ಮತ್ತೆ?... ನೀವೇನಾ? ಆ ಫೋರ್ ವೀಲ್ ಗಾಡೀನ, ಕರಿಕೆ ಘಾಟೀಲಿ?... ಅಲ್ಲ ಅಕ್ಕ, ತಪ್ಪು ಅಂತ ಹೇಳ್ತಿಲ್ಲ. ಬೇರೆ ಯಾರೂ ಇರ್ಲಿಲ್ಲ ಅಂದ್ರೆ ಇನ್ನೇನು ಮಾಡ್ತೀರಿ. ಆಂಬುಲೆನ್ಸಿಗೆ ಹೇಳಿದ್ರಾ?... ಮಡಿಕೇರಿಯಿಂದ ಹೊರಟಿದೆ. ನೀವು ಅಷ್ಟರೊಳಗೆ ಭಾಗಮಂಡಲ ಮುಟ್ಟಿದ್ರೆ ಅಲ್ಲೇ ಹತ್ತಿಸ್ಕೊಳ್ತಾರೆ. ಸರಿ, ಒಳ್ಳೇದಾಯ್ತು... ಆಮೇಲೆ? ಗಾಡಿಗೇನಾಯ್ತು?...

ಶಬ್ದ... ಮುಂದೆ, ಎಡಗಡೆ ಚಕ್ರದಲ್ಲಿ. ಎಂತ ಶಬ್ದ? ಕಟಕಟ ಅಂತಾನಾ, ಇಲ್ಲ ಗರಗರ ಅಂತ ಅರೆಯೋ ಹಾಗಾ?... ಎರಡೂನಾ! ನಿಧಾನ ಹೋದ್ರೆ ಕಮ್ಮಿಯಾಗತ್ತಾ?... ಬ್ರೇಕ್ ತುಳಿದಾಗ?... ತುಳಿದ್ರೂ ಅಷ್ಟೇನಾ. ಬ್ರೇಕೊಳಗೆ ಸಣ್ಣ ಕಲ್ಲು ಸಿಕ್ಕಿದೆ ಅಂತ ಅಂದ್ಕೊಂಡೆ. ಹಾಗಾಗಿದ್ರೆ ಚೆನ್ನಾಗಿತ್ತು...

ಬಲಕ್ಕೆ ತಿರುಗಿಸ್ದಾಗ ಜಾಸ್ತಿ? ಸರಿಯಾಗಿ ನೆನಪು ಮಾಡ್ಕೊಳ್ಳಿ... ಹ್ಞೂಂ, ಬಲಕ್ಕೆ. ಗೇರ್ ಪಕ್ಕ ಚಿಕ್ಕ ಲಿವರ್ ಇದ್ಯಲ್ಲ, ಫೋರ್ ವೀಲಿಂದು, ಅದು ಹಾಕಿದೀರಾ?... ತೆಗೀರಿ ಅದನ್ನ. ತೆಗೆದು ಹತ್ತಡಿ ಮುಂದೆ ಹೋಗಿ, ನಾನೂ ಕೇಳ್ತೀನಿ. ಜೊತೆಗೆ ಯಾರಿದಾರೆ?... ಕೆಳಗೆ ಉದುರಿದ ಮೆಣಸು ಆಯೋ ಲಿಂಗಿನಾ? ಅವಳ ಕೈಗೆ ಫೋನ್ ಕೊಡಿ, ಚಕ್ರದ ಪಕ್ಕ ಹಿಡ್ಕೊಂಡು ನಡೀಲಿ. ಸ್ವಲ್ಪ ದೂರದಲ್ಲೇ, ಕಾಲ ಮೇಲೆ ಹತ್ತೀತು...

ಕೇಳ್ತಿದೀನಿ...

ಸಾಕು! ಲಿಂಗಿ, ನಿಲ್ಸಕ್ಕೆ ಹೇಳವ್ವ! ನಿಲ್ಸಕ್ಕೆ ಹೇಳು!...

ಪವಿತ್ರಕ್ಕ, ಇಂಜಿನ್ ಬಂದ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೀರಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ದೊಡ್ಡ ಕಲ್ಲು... ಕೊಟ್ರಾ? ಈಗ ಎಡ ಚಕ್ರದ ನಡುವೆ ಲೋಟದ ಹಾಗೆ ಮುಂದೆ ಬಂದಿದ್ಯಲ್ಲ, ಅದರ ಹತ್ತಿರ ಕೈ ತಗೊಂಡ್ಹೋಗಿ. ಮುಟ್ಬೇಡಿ... ಅಷ್ಟು ಬಿಸೀನಾ? ಬಲಗಡೇದೂ ನೋಡಿ... ಬರೀ ಬೆಚ್ಚಗಿದ್ಯಾ. ಹ್ಞೂಂ...

ಸೀಟಿನ ಹಿಂದೆ ಜಾಕ್ ಇರತ್ತೆ. ಹಿಂದೆ ಮಲಗಿರೋ ಮನು ಅಲ್ಲಾಡದ ಹಾಗೆ, ಮೆಲ್ಲಗೆ ಎತ್ತಿ. ಚಕ್ರ ನೆಲ ಬಿಟ್ರೆ ಸಾಕು... ಇಲ್ಲ, ಕಟ್ ಮಾಡಲ್ಲ, ಇಲ್ಲೇ ಇರ್ತೀನಿ...

ಎತ್ತಿದ್ರಾ? ಲಿಂಗಿ ಒಂದು ಕೈ ಚಕ್ರದ ಮೇಲೆ, ಒಂದು ಕೈ ಕೆಳಗೆ ಇಟ್ಟು ಅಲ್ಲಾಡಿಸ್ಲಿ. ಅವಳಿಗೆ ಶಕ್ತಿ ಇದೆ... ಆಡತ್ತಾ? ಎಷ್ಟು?... ಎರಡು ಬೆರಳಷ್ಟಾ? ಇನ್ನೊಂದ್ಸಲ ನೋಡಿ ಅಕ್ಕ. ಎರಡು ಬೆರಳಾ?...



ಒಳಗೆ ಬೇರಿಂಗ್ ಹಿಡಿದಿಡೋ ನಟ್ಟು ಸಡಿಲ ಆಗಿದೆ. ಬೇರಿಂಗ್ ಪುಡಿ ಆಗಿರತ್ತೆ... ಇಲ್ಲ, ಹಳೇದಲ್ಲ. ಹೊಸದೇ. ಹೋದ ಮಂಗಳವಾರ ನಾನೇ ಹಾಕಿದ್ದು... ಅದೇ ಚಕ್ರಕ್ಕೆ, ಹೌದು. ನಟ್ಟು ಬಿಗಿ ಮಾಡಿದ್ಮೇಲೆ ಅದಕ್ಕೊಂದು ತಗಡಿನ ಲಾಕ್ ಬರತ್ತೆ ಅಕ್ಕ, ಅದರ ಅಂಚು ಮಡಚ್ಬೇಕು. ಮಡಚಿದ್ರೆ ನಟ್ಟು ಅಲ್ಲಾಡಲ್ಲ... ಮಡಚಿದ್ನಾ ಅಂದ್ರೆ... ನೆನಪಾಗ್ತಿಲ್ಲ. ಅವತ್ತು ನಡುವೆ ಯಾರೋ ಬಸ್ಸು ತಂದು ನಿಲ್ಸಿದ್ರು, ಅದಕ್ಕೆ ಎದ್ದು ಹೋದೆ. ತಿರುಗಿ ಬಂದು ಮುಚ್ಚಳ ಹಾಕಿದೆ. ನಡುವೆ ಏನು ಮಾಡಿದೆ, ನೆನಪಾಗ್ತಿಲ್ಲ...

ಬೈರಿ ಅಕ್ಕ. ಬೈದ್ರೂ ಸರಿಯೇ...

ಬೇಡ. ನಿಧಾನವಾಗೂ ಬೇಡ. ನಡ್ಕೊಂಡು ಹೋಗೋ ಸ್ಪೀಡಲ್ಲೂ ಬೇಡ. ಚಕ್ರ ಕಳಚಿದ್ರೆ ಗಾಡಿ ಎಡಕ್ಕೆ ಎಳೆಯತ್ತೆ. ಎಡಕ್ಕೆ ಏನಿದೆ ಅಲ್ಲಿ?... ಪ್ರಪಾತಾನಾ. ಗೊತ್ತಾಯ್ತಲ್ಲ. ಮೂರು ಜನಾನೂ ಹೋಗ್ತೀರಿ...

ಕೇಳಿಸ್ತು. ಮುಖ ಬಿಳಿಚ್ಕೊಂಡಿದೆ, ತಣ್ಣಗೆ ಬೆವರ್ತಿದಾನೆ, ಎಲ್ಲಾ ಕೇಳಿಸ್ತು. ಹೋಗಿ ಅಂತ ಹೇಗೆ ಹೇಳ್ಲಿ? ಅಲ್ಲೇ ಕೂತಿರಿ ಅಂತ್ಲೂ ಹೇಗೆ ಹೇಳ್ಲಿ?...

ಬಿಗಿ ಮಾಡೋದಾ? ಅದಕ್ಕೆ ಬೇರೆ ಸ್ಪ್ಯಾನರ್ ಬೇಕು. ನಿಮ್ಮ ಗಾಡೀಲಿ ಇರಲ್ಲ. ಇಲ್ಲಿ ಗೋಡೆ ಮೇಲೆ ನೇತಾಡ್ತಿದೆ, ನನ್ನ ಕಣ್ಣೆದುರಿಗೇ. ಈಗ ಹೊರಟ್ರೂ ಅಲ್ಲಿಗೆ ಮೂರು ಗಂಟೆ ದಾರಿ. ಬಿಗಿ ಮಾಡಿದ್ರೂ ಒಳಗೆ ಬೇರಿಂಗೇ ಉಳಿದಿಲ್ಲ... ಬೇರೆ ದಾರಿ ಇದ್ರೆ ಹೇಳ್ದೇ ಇರ್ತೀನಾ ಅಕ್ಕ? ಇಲ್ಲ. ಇಲ್ಲಿ ನಿಂತು ನಾನು ಏನೂ ಮಾಡಕ್ಕಾಗಲ್ಲ...

ಆಂಬುಲೆನ್ಸಿನೋರಿಗೆ ಮತ್ತೆ ಮಾಡಿ. ಭಾಗಮಂಡಲದಲ್ಲಿ ನಿಲ್ಲೋದು ಬೇಡ, ಘಾಟಿ ಇಳಿದು ನೀವಿರೋ ಕಡೆಗೇ ಬರ್ಲಿ ಅನ್ನಿ. ನಿಮ್ಮ ಫೋನಿಂದ... ಸಿಗ್ನಲ್ ಇಲ್ವಾ. ಮನು ಫೋನಿಗೂ ಆ ತಿರುವಲ್ಲಿ ಮಾತ್ರಾನಾ. ಹಾಗಾದ್ರೆ ನನ್ನದನ್ನ ಕಟ್ ಮಾಡಿ ಅವರಿಗೆ ಮಾಡಿ... ಏನು? ಅದೇನು ಹಾರ್ನು?...

ಬಸ್ಸಾ? ಪಾಣತ್ತೂರು ಕಡೆಯಿಂದ ಭಾಗಮಂಡಲಕ್ಕೆ ಹೋಗೋದಾ? ಅಡ್ಡ ನಿಲ್ಲಿ ಅಕ್ಕ! ಲಿಂಗೀನೂ ಕರೀರಿ, ರಸ್ತೆ ನಡುವೇನೇ ನಿಲ್ಲಿ!... ನಿಲ್ಸಿದ್ನಾ?... ನಿಲ್ಸಿದ್ನಾ ಅಕ್ಕ?...

ಅಬ್ಬ. ಎಷ್ಟು ಜನ ಇಳಿದ್ರು?... ಕಂಕುಳಿಗೆ ಕೈ ಹಾಕಿ ಎತ್ತಕ್ಕೆ ಬಿಡ್ಬೇಡಿ, ಸೊಂಟ ಮಡಚ್ಬಾರ್ದು. ಅವನ ಕೆಳಗೆ ಏನು ಹಾಸಿದೀರಿ?... ಮೆಣಸು ಒಣಗಿಸೋ ತಾರ್ಪಾಲಾ? ಅದನ್ನೇ ನಾಲ್ಕೂ ಕಡೆ ಹಿಡಿದು, ಅವನಿದ್ದ ಹಾಗೇ ಎತ್ಲಿ. ಸೀಟ್ ಮೇಲಲ್ಲ, ನಡುವೆ ನೆಲದ ಮೇಲೇ ಮಲಗಿಸಿ. ಫೋನ್ ಆನಲ್ಲೇ ಇರ್ಲಿ...

ಕಿರುಚ್ತಿದಾನೆ... ಮೆಲ್ಲಗೆ ಎತ್ತಿ ಅಂತ ಹೇಳಿ ಅಕ್ಕ, ಮೆಲ್ಲಗೆ... ಅಕ್ಕ?...

ಮಲಗಿಸಿದ್ರಾ. ನೀವೂ ಜೊತೆಗೆ ಹೋಗಿ... ಗಾಡಿ ಎಲ್ಲಿಗೂ ಹೋಗಲ್ಲ ಬಿಡಿ. ಲಿಂಗಿ ಕಾಯ್ತಾಳಾ? ಗಾಡಿ ಹತ್ತಿರ ಕೂರ್ಬೇಡ, ಎದುರು ಬದಿಯಲ್ಲಿ ಕೂರು ಅನ್ನಿ. ಯಾರಾದ್ರೂ ತಳ್ಳಿ ಬದಿಗಿಡ್ತೀವಿ ಅಂದ್ರೂ ಬಿಡ್ಬಾರ್ದು. ನಾನು ಸಾಮಾನು ತಗೊಂಡು ಹೊರಟೆ...

ಯಾರು ಫೋನ್ ಕೇಳ್ತಿದಾರೆ?... ಮನುನಾ? ಅವನ ಕಿವಿಗೆ ಹಿಡೀರಿ...

ಮನು? ನಾನು ಕಣೋ... ಮಾತಾಡ್ಬೇಡ, ಸುಮ್ನೆ ಮಲ್ಕೋ... ಏನು? ಮೊನ್ನೆಯಿಂದ್ಲೇ ಬರ್ತಿತ್ತಾ ಶಬ್ದ? ಮತ್ತೆ ಯಾಕೋ ಹೇಳ್ಲಿಲ್ಲ?... ಬೆಳ್ಳಿಯಪ್ಪನೋರಿಗೆ ಗೊತ್ತಾದ್ರೆ ಗಾಡಿ ಬೇರೆ ಗ್ಯಾರೇಜಿಗೆ ಹೋಗತ್ತೆ ಅಂತಾನಾ? ನನಗೋಸ್ಕರಾನಾ?... ಭಾನುವಾರ ಗುಟ್ಟಾಗಿ ತರೋಣ ಅಂತಿದ್ಯಾ. ಅಯ್ಯೋ ಪುಣ್ಯಾತ್ಮ...

ಚಕ್ರ ನಾನೇ ಕಲ್ಲಿಗೆ ಹೊಡೆಸ್ದೆ ಅಂತ ಅವರಿಗೆ ಹೇಳ್ತೀಯಾ? ಯಾವ ಕಲ್ಲಿಗೋ? ನೀನೆಲ್ಲಿ ಹೊಡೆಸ್ದೆ?... ಬೇಡ ಮನು. ಸೊಂಟ ಮುರ್ಕೊಂಡು ಮಲ್ಗಿದ್ದೀಯ, ನನ್ನ ತಪ್ಪು ನೀನು ಹೊರೋದು ಬೇಡ...

ಬಸ್ ಹೊರಟ್ತಾ? ತಿರುವು ದಾಟಿದ್ರೆ ಸಿಗ್ನಲ್ ಹೋಗತ್ತೆ. ಕೇಳ್ತಿದ್ಯಾ? ಮನು, ಪವಿತ್ರಕ್ಕನಿಗೆ ನೆನಪಿಲ್ಲ ಅಂದೆ. ಸುಳ್ಳು ಅದು. ನೆನಪಿದೆ ನಂಗೆ. ಲಾಕ್ ಮಡಚಿರ್ಲಿಲ್ಲ. ಮುಚ್ಚಳ ಹಾಕಿದ್ಮೇಲೆ ನೆನಪಾಯ್ತು, ಮತ್ತೆ ಬಿಚ್ಚೋದು ಯಾರು ಅಂತ ಬಿಟ್ಟೆ... ಕೇಳಿಸ್ತಾ? ಬಿಟ್ಬಿಟ್ಟೆ ಕಣೋ, ನಿಂಗೆ ಕೀ ಕೊಡುವಾಗ್ಲೂ ನಂಗೆ ಗೊತ್ತಿ—