ಅತ್ತೆ ಕೂತರೆ ಏಳುವ ಕಾರು

ಬಸ್ಸಿನಲ್ಲಿ ಮುಂದಿನ ಸೀಟಿನ ಗಂಡ-ಹೆಂಡತಿಯ ಜಗಳ ಕಿವಿಗೆ ಬಿದ್ದದ್ದೇ ತಡ, ಟೈಲರಮ್ಮ ತಾನು ಇಳಿಯಬೇಕಾಗಿದ್ದ ಸ್ಟಾಪನ್ನು ಆರಾಮಾಗಿ ಬಿಟ್ಟುಕೊಟ್ಟಳು. ಗಂಡನ ಉಗುರಿನ ಸಂದಿಯಲ್ಲೆಲ್ಲ ಗ್ರೀಸು.

"ರಿಪೇರಿ ಮಾಡಿ ಅಂತ ನಿಮಗೆ ಯಾರು ಹೇಳಿದ್ರು? ಅಮ್ಮ ಹಿಂದಿನ ಸೀಟಲ್ಲಿ ಕೂತ್ರೆ ಕಾರು ಸ್ಟಾರ್ಟ್ ಆಗ್ತಿತ್ತು. ಸಾಲ್ದಾ?"

"ದಿನಾ ಆಫೀಸಿಗೂ ನಿಮ್ಮಮ್ಮನ್ನ ಕೂರಿಸ್ಕೊಂಡು ಹೋಗ್ಲೇನೇ? ಆ ಸೀಟಿನ ಕೆಳಗೆ ಸ್ಟಾರ್ಟರ್ ವೈರು ಸಡಿಲ ಆಗಿತ್ತು. ಅವರ ಭಾರಕ್ಕೆ ಒತ್ಕೊಳ್ತಿತ್ತು, ಅಷ್ಟೆ. ಬಿಗಿ ಮಾಡ್ದೆ."

"ಭಾರ ಅನ್ನೋದನ್ನ ಅವಳ ಮುಂದೇನೇ ಹೇಳ್ಬೇಕಿತ್ತಾ? ಪಾಪ, ಎಲ್ಲಾ ತನ್ನ ಕಾಲ್ಗುಣ ಅಂತ ಬೀದಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ಲು."

"ಅಷ್ಟಕ್ಕೇ ಗಂಟುಮೂಟೆ ಕಟ್ಕೊಂಡು ನಿಮ್ಮಕ್ಕನ ಮನೆಗೆ ಹೋಗೋದಾ?"

"ಮತ್ತೆ? ಕಾರು ತನ್ನನ್ನ ಬಿಟ್ಟು ಹೊರಟೇಹೋದ್ರೆ ಹೊಟ್ಟೆ ಉರಿಯಲ್ವಾ? ಈಗ ಹೋಗಿ, ನೀವಿಲ್ದೆ ಗಾಡಿ ಏಳ್ತಿಲ್ಲ ಅತ್ತೆ ಅಂತ ಕಾಲಿಗೆ ಬೀಳಿ."

"ಏಳ್ತಿಲ್ಲ ಅನ್ನೋದೇನೋ ನಿಜ. ಬೆಳಗ್ಗೆ ನಿಮ್ಮಕ್ಕನ ಮನೆ ತಿರುವಲ್ಲಿ ಕಾರು ನಿಲ್ಸಿ, ನಿನ್ನ ಮಾತು ಕೇಳಿ ವೈರನ್ನ ಮತ್ತೆ ಸಡಿಲ ಮಾಡೋಕೆ ಹೋದೆ. ಬುಡಸಮೇತ ಕಿತ್ತುಬಂತು, ಗಾಡಿ ಅಲ್ಲೇ ನಿಂತಿದೆ. ಇನ್ಮೇಲೆ ಅವರು ಕೂತ್ರೂ ಏಳಲ್ಲ. ತಳ್ಳಿದ್ರೆ ಮಾತ್ರ."

ಟೈಲರಮ್ಮ ಇನ್ನಷ್ಟು ಮುಂದಕ್ಕೆ ಬಾಗಿದಳು.

"ಅಮ್ಮಂಗೆ ಕತ್ತು ಹಿಡ್ಕೊಂಡಿದೆ, ಹಿಂದೆ ತಿರುಗಿ ನೋಡೋಕಾಗಲ್ಲ. ಅವಳು ಕೂತ್ಮೇಲೆ ನಾನು ಹಿಂದಿನಿಂದ ತಳ್ತೀನಿ."

"ನೀನೆಲ್ಲಿ ಅಂತ ಕೇಳಿದ್ರೆ?"

"ಬಸ್ಸಲ್ಲಿ ಬರ್ತಾಳೆ ಅನ್ನಿ. ಏಳಿ, ಅಕ್ಕನ ಮನೆ ಬಂತು."

ಇಬ್ಬರೂ ಇಳಿದುಹೋದರು. ಹೆಂಡತಿ ಆಗಲೇ ಚೂಡಿದಾರದ ತೋಳು ಮೇಲಕ್ಕೆ ಮಡಚಿಕೊಳ್ಳುತ್ತಿದ್ದಳು.